ಚಳಿಯ ಕಾವು

ನಮ್ಮ ಅಡುಗೆಮನೆ ಕಿಟಕಿಯಲ್ಲಿ ಒಂದು ನೀಲಿ ಗಾಜಿನ ಪಾತ್ರೆ ಇದೆ. ಗೇಣುದ್ದ, ಕೆಳಗೆ ಹೊಟ್ಟೆ ದಪ್ಪ, ಮೇಲೆ ಕತ್ತು ಸಣ್ಣ, ಕತ್ತಿನ ಮೇಲೆ ಮತ್ತೆ ಬಟ್ಟಲಿನ ಹಾಗೆ ಅಗಲಿಸಿದ ಬಾಯಿ. ಮನೆಗೆ ಬಂದವರೆಲ್ಲ ಕೇಳೋದು ಒಂದೇ, "ಇದೇನು, ದೀಪಾನಾ? ಹೂದಾನಿನಾ?" ಹೂದಾನಿ ಅಂದರೆ ಅರ್ಧ ನಿಜ. ಇದರಲ್ಲಿ ಕಿತ್ತ ಹೂವನ್ನು ಇಡುವುದಿಲ್ಲ. ಈರುಳ್ಳಿಯಂಥ ಒಂದು ಗೆಡ್ಡೆಯನ್ನು ಮೇಲಿನ ಬಟ್ಟಲಲ್ಲಿ ಕೂರಿಸಿ, ಕೆಳಗಿನ ಹೊಟ್ಟೆಗೆ ನೀರು ತುಂಬಿಸಿ, ಕಾಯುವುದು. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಹಯಾಸಿಂತ್ ಅರಳುತ್ತದೆ. ಮಣ್ಣಿಲ್ಲ, ಗೊಬ್ಬರವಿಲ್ಲ. ಬರೀ ನೀರು, ಗಾಜು, ಗೆಡ್ಡೆ.

ಹಿಮ ಬೀಳುವುದು ಬೆಂಗಳೂರಿನಲ್ಲಲ್ಲ, ಗೊತ್ತು :-) ಅದೇ ನನ್ನ ಕಷ್ಟ. ಅಲ್ಲಿಗೆ ಆಮೇಲೆ ಬರುತ್ತೇನೆ.

ಈ ಪಾತ್ರೆ ನನ್ನ ಕೈಗೆ ಬಂದದ್ದು ಹಾಲೆಂಡಿನ ಹಾರ್ಲೆಮ್ ಊರಿನಲ್ಲಿ. 2006ರಿಂದ ಮೂರು ವರ್ಷ ಕೆಲಸದ ಮೇಲೆ ಅಲ್ಲಿದ್ದೆ. ಪಕ್ಕದ ಮನೆಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ. ಡಿಸೆಂಬರ್ ಬಂತೆಂದರೆ ಆಕೆಯ ಕಿಟಕಿಯಲ್ಲಿ ಸಾಲಾಗಿ ಐದಾರು ಬಣ್ಣದ ಗಾಜು, ಪ್ರತಿಯೊಂದರ ತಲೆ ಮೇಲೂ ಒಂದೊಂದು ಕಾಗದದ ಟೋಪಿ. ಮೊದಲ ಸಲ ನೋಡಿದಾಗ ಮೊಮ್ಮಕ್ಕಳ ಆಟ ಅಂದುಕೊಂಡೆ. ಆಮೇಲೆ ತಿಳಿಯಿತು, ಮೊಳಕೆಗೆ ಕತ್ತಲಾಗಲಿ, ಬೆಳಕು ಹುಡುಕಿಕೊಂಡು ದಂಟು ಮೇಲೆ ಏಳಲಿ ಅಂತ ಆ ಟೋಪಿ. ಜರ್ಮನಿಯಲ್ಲೂ ಈ ಟೋಪಿಯ ಪದ್ಧತಿ ಇದೆ. ದಂಟು ಎದ್ದು ಟೋಪಿಯನ್ನು ಎತ್ತಿ ಹಿಡಿದರೆ, ತೆಗೆಯುವ ಹೊತ್ತಾಯಿತು ಅಂತ ಲೆಕ್ಕ.

ಆಕೆಯಿಂದ ಶುರುವಾದ ಹುಚ್ಚು ಇದು. ಆ ಮೂರು ಚಳಿಗಾಲದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಚರಿತ್ರೆ ಇರಬಹುದು ಅಂತ ಅಂದುಕೊಂಡಿರಲಿಲ್ಲ.

ಹಯಾಸಿಂತ್ ಹಾಲೆಂಡಿನ ಹೂವೇ ಅಲ್ಲ. ಅದರ ತವರು ಟರ್ಕಿ, ಸಿರಿಯಾ, ಲೆಬನಾನ್ ಕಡೆಯ ಬೆಟ್ಟಗುಡ್ಡ. ಬೇಸಿಗೆಯಲ್ಲಿ ಕಾದ ಕಲ್ಲು, ಚಳಿಗಾಲದಲ್ಲಿ ಕೊರೆಯುವ ಚಳಿ. ಪಾರ್ಸಿ, ಉರ್ದು ಕಾವ್ಯದಲ್ಲಿ ನಲ್ಲೆಯ ಗುಂಗುರು ಕೂದಲಿಗೆ ಸುಂಬುಲ್ ಅಂತ ಹೋಲಿಸುತ್ತಾರಲ್ಲ, ಆ ಸುಂಬುಲ್ ಇದೇ. ಯುರೋಪಿಗೆ ಅದು ಬಂದದ್ದು 16ನೇ ಶತಮಾನದಲ್ಲಿ, ಟರ್ಕಿಯ ತೋಟಗಳಿಂದ. ಟ್ಯುಲಿಪ್ ಬಂದದ್ದೂ ಹೆಚ್ಚುಕಮ್ಮಿ ಅದೇ ದಾರಿಯಲ್ಲಿ. 1593ರಲ್ಲಿ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಲೈಡೆನ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಹಾಲೆಂಡಿಗೆ ಗೆಡ್ಡೆಗಳ ರುಚಿ ಹತ್ತಿತು. ಸಮುದ್ರದ ದಿಬ್ಬಗಳ ಹಿಂದಿನ ಮರಳು ನೆಲ, ಅಂದರೆ ಹಾರ್ಲೆಮ್ ಸುತ್ತಮುತ್ತಲಿನದು, ಅವಕ್ಕೆ ಹೇಳಿ ಮಾಡಿಸಿದಂತಿತ್ತು. 1637ರ ಟ್ಯುಲಿಪ್ ಹುಚ್ಚಿನ ಕಥೆ ನೀವೆಲ್ಲ ಷೇರು ಮಾರುಕಟ್ಟೆ ಬಿದ್ದಾಗಲೆಲ್ಲ ಓದಿರುತ್ತೀರಿ, ಅದನ್ನು ಬಿಡುತ್ತೇನೆ. ಆದರೆ ನೂರು ವರ್ಷದ ನಂತರ, 1730ರ ದಶಕದಲ್ಲಿ, ಅದೇ ಊರಿನಲ್ಲಿ ಅದೇ ಥರದ ಹುಚ್ಚು ಹಯಾಸಿಂತ್ ಮೇಲೂ ಹಿಡಿದಿತ್ತು. ಅದನ್ನು ಯಾರೂ ಹೇಳುವುದಿಲ್ಲ.

ಆ ಹುಚ್ಚಿನ ಹಿಂದೆ ಒಂದು ಚಿಕ್ಕ ಕಥೆ ಇದೆ. ಹಾರ್ಲೆಮ್‌ನ ಪೀಟರ್ ವೊರ್ಹೆಲ್ಮ್ ಎಂಬ ಬೆಳೆಗಾರ ದಳ ಹೆಚ್ಚಾಗಿ ಗಜಿಬಿಜಿಯಾದ ಹಯಾಸಿಂತ್ ಕಂಡರೆ ಕಿತ್ತು ಬಿಸಾಡುತ್ತಿದ್ದನಂತೆ. ಬೀಜ ಕಟ್ಟದ ಹೂವು, ಯಾರಿಗೆ ಬೇಕು? ಒಂದು ವರ್ಷ ಅವನಿಗೆ ಕಾಯಿಲೆಯಾಗಿ ಸಕಾಲಕ್ಕೆ ತೋಟಕ್ಕೆ ಹೋಗಲಾಗಲಿಲ್ಲ. ಹೋದಾಗ ಅಂಥದ್ದೊಂದು ಪೂರ್ತಿ ಅರಳಿ ನಿಂತಿತ್ತು. ನೋಡಿದ, ಚೆನ್ನಾಗಿದೆಯಲ್ಲ ಅನ್ನಿಸಿತು. ಕೊಳ್ಳುವವರಿಗೂ ಹಾಗೇ ಅನ್ನಿಸಿತು. ಸುತ್ತುಹೂವಿನ ಹಯಾಸಿಂತ್ ಶುರುವಾದದ್ದು ಹಾಗೆ ಎನ್ನುತ್ತಾರೆ. ಮುಂದೆ 'ಗ್ರೇಟ್ ಬ್ರಿಟನ್ನಿನ ರಾಜ' ಎಂಬ ಹೆಸರಿನ ತಳಿಯ ಒಂದೇ ಒಂದು ಗೆಡ್ಡೆ ಸಾವಿರ ಗಿಲ್ಡರ್ ದಾಟಿ ಮಾರಾಟವಾಯಿತು. ಅದೇ ಮನೆತನದ ಜಾರ್ಜ್ ವೊರ್ಹೆಲ್ಮ್ 1752ರಲ್ಲಿ ಹಯಾಸಿಂತ್ ಬೆಳೆಯುವುದರ ಬಗ್ಗೆಯೇ ಒಂದು ಪುಸ್ತಕ ಬರೆದ. ತಿಪ್ಪೆಗೆ ಹೋಗಬೇಕಾಗಿದ್ದದ್ದು ಒಬ್ಬನ ಜ್ವರದಿಂದ ಉಳಿಯಿತು, ನೋಡಿ.

ಸರಿ, ತೋಟದ ಗೆಡ್ಡೆ ಗಾಜಿನ ಮೇಲೆ ಏರಿದ್ದು ಹೇಗೆ?

ಇಲ್ಲಿ ಬರುವವನು ನನಗೆ ಬಹಳ ಇಷ್ಟವಾದ ಮನುಷ್ಯ, ಸ್ವೀಡನ್ನಿನ ಮಾರ್ಟಿನ್ ಟ್ರೀವಾಲ್ಡ್. ಮಾಲಿ ಅಲ್ಲ, ಉಗಿ ಯಂತ್ರದ ಇಂಜಿನಿಯರ್! ಇಂಗ್ಲೆಂಡಿನ ನ್ಯೂಕಾಸಲ್ ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಕಲಿತು, ಸ್ವೀಡನ್ನಿಗೆ ವಾಪಸ್ ಹೋಗಿ, ಡಾನೆಮೋರಾ ಗಣಿಯಲ್ಲಿ ನೀರೆತ್ತಲು ಉಗಿ ಯಂತ್ರ ಕಟ್ಟಿದವನು. 1739ರಲ್ಲಿ ಸ್ವೀಡಿಷ್ ವಿಜ್ಞಾನ ಅಕಾಡೆಮಿ ಹುಟ್ಟುಹಾಕಿದವರಲ್ಲಿ ಒಬ್ಬ. ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಒಂದು ವರದಿ 1731ರಲ್ಲಿ ಅವರ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಎರಡು ವಿಷಯ. ಒಂದು, ನೀರು ಕಣ್ಣೆದುರೇ ತಟ್ಟನೆ ಹೆಪ್ಪುಗಟ್ಟಿದ ವಿಚಿತ್ರ. ಇನ್ನೊಂದು, ಟ್ಯುಲಿಪ್ಪಿನಂಥ ಗೆಡ್ಡೆಗಳನ್ನು ನೀರು ತುಂಬಿದ ಬಾಟಲಿಗಳ ಮೇಲೆ ಇಟ್ಟರೆ ನೆಲದಲ್ಲಿ ನೆಟ್ಟದ್ದಕ್ಕಿಂತ ಎಷ್ಟೋ ಬೇಗ ಹೂ ಬಿಡುತ್ತವೆ ಎಂಬುದು. ಲಂಡನ್ನಿನ ಚೆಲ್ಸಿ ಔಷಧಿ ತೋಟದ ಫಿಲಿಪ್ ಮಿಲ್ಲರ್ ತಾನೂ ಇಂಥ ಪ್ರಯೋಗ ಮಾಡಿ ಅದೇ ಪತ್ರಿಕೆಯಲ್ಲಿ ಬರೆದ.

ಅವರಿಗೆ ಅದು ಬರೀ ಅಲಂಕಾರವಾಗಿರಲಿಲ್ಲ. ಗಿಡ ತಿನ್ನುವುದೇನು ಎಂಬುದು ಆ ಕಾಲದ ದೊಡ್ಡ ಪ್ರಶ್ನೆ. ಫಾನ್ ಹೆಲ್ಮಾಂಟ್ ಎಂಬಾತ 200 ಪೌಂಡ್ ಒಣಮಣ್ಣಿನಲ್ಲಿ ಒಂದು ವಿಲ್ಲೋ ಗಿಡ ನೆಟ್ಟು, ಐದು ವರ್ಷ ಬರೀ ನೀರು ಹಾಕಿ ತೂಗಿದ್ದ. ಗಿಡ 5 ಪೌಂಡಿನಿಂದ 169 ಪೌಂಡಿಗೆ ಏರಿತ್ತು, ಮಣ್ಣು ಕಮ್ಮಿಯಾದದ್ದು ಸುಮಾರು ಎರಡು ಔನ್ಸ್. ಗಿಡವೆಲ್ಲ ನೀರೇ ಅಂತ ಅವನ ತೀರ್ಮಾನ, 1648ರಲ್ಲಿ ಪ್ರಕಟವಾಯಿತು. 1699ರಲ್ಲಿ ಜಾನ್ ವುಡ್‌ವರ್ಡ್ ಪುದೀನವನ್ನು ಮಳೆನೀರು, ನದಿನೀರು, ಮಣ್ಣು ಕದಡಿದ ನೀರಿನಲ್ಲಿ ಬೆಳೆಸಿ, ಕೊಳೆ ನೀರಿನದೇ ಚೆನ್ನಾಗಿ ಬೆಳೆಯಿತು, ಆದ್ದರಿಂದ ಬರೀ ನೀರಲ್ಲ ಎಂದ. ಇಂಥ ವಾದದ ನಡುವೆ ಬಾಟಲಿಯ ಮೇಲೆ ಗೆಡ್ಡೆಯೊಂದು ಮಣ್ಣಿನ ಹಂಗೇ ಇಲ್ಲದೆ ಹೂಬಿಟ್ಟರೆ ಅದು ಸಣ್ಣ ಸುದ್ದಿಯೇ? ಈಗ ನಮಗೆ ಗೊತ್ತು, ಗೆಡ್ಡೆ ನೀರು ತಿಂದು ಹೂ ಬಿಡುವುದಿಲ್ಲ. ಹಿಂದಿನ ವರ್ಷ ಎಲೆಗಳು ಬಿಸಿಲಲ್ಲಿ ದುಡಿದು ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಅದಕ್ಕೇ ಒಮ್ಮೆ ನೀರಲ್ಲಿ ಅರಳಿದ ಗೆಡ್ಡೆ ಬಡಕಲಾಗಿ ಹೋಗುತ್ತದೆ, ಮರುವರ್ಷಕ್ಕೆ ಅದನ್ನು ನೆಚ್ಚುವಂತಿಲ್ಲ.

ವಿಜ್ಞಾನಿಗಳ ಬಾಟಲಿಯಿಂದ ಶ್ರೀಮಂತರ ಕೋಣೆಗೆ ದಾರಿ ದೂರವಿರಲಿಲ್ಲ. ಫ್ರಾನ್ಸಿನ 15ನೇ ಲೂಯಿಯ ಪ್ರೇಯಸಿ ಮದಾಂ ದ ಪೊಂಪದೂರ್ 1759ರಲ್ಲಿ ಇನ್ನೂರು ಹಯಾಸಿಂತ್‌ಗಳನ್ನು ಗಾಜಿನ ಮೇಲೆ ಬೆಳೆಸಿ ಅರಮನೆಯೊಳಗೆ ಇಡಿಸಿದಳು ಅಂತ ಹೇಳುತ್ತಾರೆ. ಇಂಗ್ಲೆಂಡಿನ ವೆಜ್‌ವುಡ್ ಕುಂಬಾರಿಕೆಯವರು ಮುಳ್ಳುಹಂದಿಯ ಆಕಾರದ ಕುಂಡ ಮಾಡಿದರು. ಬೆನ್ನ ತುಂಬ ತೂತು, ಒಳಗೆ ಕ್ರೋಕಸ್ ಗೆಡ್ಡೆ. ಮೊಳಕೆ ಬಂದಾಗ ಅವೇ ಮುಳ್ಳು! ಇನ್ನೂ ವಿಚಿತ್ರವೆಂದರೆ, ಒಂದು ಗೆಡ್ಡೆಯನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗೆ ಇಟ್ಟು, ಒಂದು ಹೂವು ಗಾಳಿಯಲ್ಲೂ ಇನ್ನೊಂದು ನೀರಿನೊಳಗೂ ಅರಳುವ ಹಾಗೆ ಮಾಡುವ ಚಪಲ. ಪಾಪ ಅನ್ನಿಸಿತು ನನಗೆ.

ಆಮೇಲೆ ಗಾಜು ಅಗ್ಗವಾಯಿತು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಮಧ್ಯಮ ವರ್ಗದ ಮನೆ ಕಿಟಕಿಗಳಿಗೆಲ್ಲ ಹಯಾಸಿಂತ್ ಗಾಜು ಬಂತು. 1850ರಲ್ಲಿ ಬರ್ಮಿಂಗ್‌ಹ್ಯಾಮಿನ ಟೈ ಎಂಬಾತ ಗಿಡ್ಡ, ಹೊಟ್ಟೆ ದಪ್ಪ ಮಾದರಿಯೊಂದನ್ನು ನೋಂದಾಯಿಸಿದ. ಉದ್ದ ಗಾಜು ಹೂವಿನ ಭಾರಕ್ಕೆ ಮಗುಚಿ ಬೀಳುತ್ತಿತ್ತು, ಇದು ಬೀಳುವುದಿಲ್ಲ. ಅಂಗಳವೇ ಇಲ್ಲದ ಊರಿನ ಜನಕ್ಕೆ, ಹೊಗೆ ಮುಚ್ಚಿದ ಫೆಬ್ರವರಿಯಲ್ಲಿ, ಕೋಣೆಯೊಳಗೆ ಒಂದು ಹೂವಿನ ವಾಸನೆ. ಚಳಿ ದೇಶದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಇಷ್ಟೆಲ್ಲ ಆದರೂ ಒಂದು ಕೊರತೆ ಇತ್ತು. ಹೂವು ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತಿತ್ತು. ಜನಕ್ಕೆ ಬೇಕಾದದ್ದು ಕ್ರಿಸ್‌ಮಸ್ಸಿಗೆ. ಅದನ್ನು ಬಗೆಹರಿಸಿದವನು ಲಿಸ್ಸೆ ಎಂಬ ಹಳ್ಳಿಯ ಬೆಳೆಗಾರ ನಿಕೋಲಾಸ್ ಡಾಮೆಸ್, 20ನೇ ಶತಮಾನದ ಶುರುವಿನಲ್ಲಿ. ಗೆಡ್ಡೆಗಳನ್ನು ವಾಡಿಕೆಗಿಂತ ಬೇಗ ಅಗೆದು ತೆಗೆದು, ಬೆಚ್ಚಗಿನ ಕೋಣೆಯಲ್ಲಿ ಇಟ್ಟು ನೋಡಿದ. ಅವು ಡಿಸೆಂಬರಿನಲ್ಲೇ ಅರಳಿದವು. ಯಾಕೆ ಅಂತ ಪೂರ್ತಿ ಬಿಡಿಸಿ ಹೇಳಿದವರು ವಾಗೆನಿಂಗೆನ್‌ನ ಪ್ರೊಫೆಸರ್ ಆಂಟನ್ ಬ್ಲಾವ್ ಮತ್ತು ಅವರ ಜೊತೆಗಿದ್ದ ಇಡಾ ಲೂಟೆನ್, ಆನಿ ಹಾರ್ಟ್‌ಸೆಮಾ ಎಂಬ ಇಬ್ಬರು ಮಹಿಳೆಯರು. 1920, 30ರ ದಶಕಗಳಲ್ಲಿ ಅವರು ಬೇರೆ ಬೇರೆ ಉಷ್ಣತೆಯಲ್ಲಿಟ್ಟ ಗೆಡ್ಡೆಗಳನ್ನು ಕಾಲಕಾಲಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು.

ಅವರು ಕಂಡದ್ದು ಇಷ್ಟು. ಬೇಸಿಗೆಯಲ್ಲಿ, ಗೆಡ್ಡೆ ಒಣಗಿ ಸತ್ತಂತೆ ಬುಟ್ಟಿಯಲ್ಲಿ ಬಿದ್ದಿರುವಾಗಲೇ, ಅದರ ಹೊಟ್ಟೆಯೊಳಗೆ ಮುಂದಿನ ವಸಂತದ ಹೂವು ಪೂರ್ತಿ ರೂಪುಗೊಳ್ಳುತ್ತದೆ. ದಳ, ಕೇಸರ, ಎಲ್ಲ. ಹಯಾಸಿಂತ್‌ಗೆ ಆ ಕೆಲಸಕ್ಕೆ ಬೇಕಾದದ್ದು 25 ಡಿಗ್ರಿಯ ಸುಮಾರಿನ ಬೆಚ್ಚಗೆ. ಅದಾದ ಮೇಲೆ ಬೇಕಾದದ್ದು ಚಳಿ, 9 ಡಿಗ್ರಿ ಸುಮಾರು, ಹತ್ತು ಹನ್ನೆರಡು ವಾರ. ಆ ಚಳಿಯಲ್ಲಿ ಹಿಟ್ಟಿನಂಶ ಸಕ್ಕರೆಯಾಗುತ್ತದೆ, ದಂಟಿಗೆ ಉದ್ದವಾಗುವ ಶಕ್ತಿ ಬರುತ್ತದೆ. ಹೂವು ಮೊದಲೇ ಇರುತ್ತದೆ. ಚಳಿ ಅದಕ್ಕೆ ಏಳುವ ತ್ರಾಣ ಕೊಡುತ್ತದೆ ಅಷ್ಟೇ. ಇದು ತಿಳಿದ ಮೇಲೆ ಕಾಲವನ್ನು ಹಿಂದೆ ಮುಂದೆ ಎಳೆಯುವುದು ಕೋಣೆಯ ಉಷ್ಣತೆಯ ಲೆಕ್ಕವಾಯಿತು. ಭೂಮಿಯ ದಕ್ಷಿಣಾರ್ಧಕ್ಕೆ, ಅಂದರೆ ಋತುಗಳೇ ತಿರುಗುಮುರುಗಾದ ದೇಶಗಳಿಗೆ ಗೆಡ್ಡೆ ಕಳಿಸುವ ದಾರಿಯನ್ನೂ 1935ರ ಹೊತ್ತಿಗೆ ಅವರು ಕಂಡುಕೊಂಡರು.

ಇಷ್ಟನ್ನು ಓದಿಕೊಂಡು ದೊಡ್ಡ ಪಂಡಿತನ ಹಾಗೆ ಒಂದು ಸಂಜೆ ಪಕ್ಕದ ಮನೆ ಅಜ್ಜಿಗೆ ಹೇಳಿದೆ. "ನಿಮಗೆ ಗೊತ್ತಾ, ಗೆಡ್ಡೆಯೊಳಗೆ ಹೂವು ಮೊದಲೇ ಇರುತ್ತದಂತೆ!" ಜೊತೆಗೆ, ನೀವು ಬರೀ ಹಯಾಸಿಂತ್ ಇಡುತ್ತೀರಿ, ಟ್ಯುಲಿಪ್ ಯಾಕಿಲ್ಲ ಅಂತಲೂ ಕೇಳಿದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯುಲಿಪ್ ನಾನು ತಿಂದಿದ್ದೇನೆ" ಅಂದಳು.

1944ರ ಚಳಿಗಾಲ. ಅಲ್ಲಿಯವರು ಅದನ್ನು ಹಸಿವಿನ ಚಳಿಗಾಲ ಅಂತಲೇ ಕರೆಯುತ್ತಾರೆ. ಮಿತ್ರಪಡೆಗಳು ದಕ್ಷಿಣ ಹಾಲೆಂಡಿನವರೆಗೆ ಬಂದು ನಿಂತಿದ್ದವು. ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆಯವರು ಮುಷ್ಕರ ಹೂಡಿದರು. ಅದಕ್ಕೆ ಪ್ರತೀಕಾರವಾಗಿ ಜರ್ಮನ್ನರು ಪಶ್ಚಿಮದ ಊರುಗಳಿಗೆ ಆಹಾರ ಹೋಗುವುದನ್ನು ತಡೆದರು. ಆಮೇಲೆ ತಡೆ ಸಡಿಲಿಸಿದರೂ ಅಷ್ಟರಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ದೋಣಿ ನಡೆಯದಾಯಿತು. ಆಮ್‌ಸ್ಟರ್‌ಡ್ಯಾಮ್, ಹಾರ್ಲೆಮ್, ಲೈಡೆನ್‌ನಂಥ ಊರುಗಳಲ್ಲಿ ದಿನದ ಪಡಿತರ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಸುಮಾರು 20,000 ಜನ ಸತ್ತರು. ಯುದ್ಧದಿಂದ ರಫ್ತು ನಿಂತು ಬೆಳೆಗಾರರ ಹತ್ತಿರ ಗೆಡ್ಡೆಗಳು ಉಳಿದಿದ್ದವು. ಜನ ಸಕ್ಕರೆ ಬೀಟು ತಿಂದರು, ಟ್ಯುಲಿಪ್ ಗೆಡ್ಡೆ ತಿಂದರು. ಹಯಾಸಿಂತ್, ಡ್ಯಾಫೊಡಿಲ್ ತಿನ್ನುವ ಹಾಗಿಲ್ಲ, ವಿಷ. ಟ್ಯುಲಿಪ್ಪನ್ನು ಮಾತ್ರ ಸುಲಿದು, ನಡುವಿನ ಹಳದಿ ಮೊಳಕೆಯನ್ನು ತೆಗೆದು ಬೇಯಿಸಿದರೆ ಹೇಗೋ ತಿನ್ನಬಹುದು.

ಆಗ ಆಕೆಗೆ ಏಳು ವರ್ಷ. "ನಮ್ಮಮ್ಮ ಒಂದೊಂದನ್ನೂ ನಡುವೆ ಸೀಳಿ, ಚಾಕುವಿನ ತುದಿಯಿಂದ ಹಳದಿ ಮೊಳಕೆ ಎಬ್ಬಿ ಬದಿಗೆ ಹಾಕುತ್ತಿದ್ದಳು. ಅದು ತಿಂದರೆ ಹೊಟ್ಟೆ ಕೆಡುತ್ತದೆ, ಮುಟ್ಟಬೇಡ ಅನ್ನುತ್ತಿದ್ದಳು. ನನಗೆ ಎಷ್ಟು ಹಸಿವು ಅಂದರೆ, ಆ ರಾಶಿಯ ಮೇಲೇ ಕಣ್ಣು. ಈಗ ನೀನು ಹೇಳುತ್ತಿದ್ದೀಯಲ್ಲ, ಹೂವು ಒಳಗೇ ಇರುತ್ತದೆ ಅಂತ. ಹೌದು. ನಾನು ನೋಡಿದ್ದೇನೆ. ಮೇಜಿನ ಮೇಲೆ ರಾಶಿ ಇತ್ತು."

ನಾನು ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಆಕೆ ಏಳನೇ ವಯಸ್ಸಿಗೇ ಅಡುಗೆಮನೆಯಲ್ಲಿ ಕಂಡಿದ್ದಳು. ಒಂದು ಮನೆಯ ಒಂದು ಹೊತ್ತಿನ ಊಟಕ್ಕೆ ಒಂದು ಪಾತಿಯ ವಸಂತ. ತಾಯಿಗೆ ಅದು ಸರಿಯಾದ ಲೆಕ್ಕವೇ, ಮಗು ಬದುಕಿತಲ್ಲ. ಆದರೂ ಆಕೆಯ ಕಿಟಕಿಯಲ್ಲಿ ಟ್ಯುಲಿಪ್ ಯಾಕಿಲ್ಲ ಅಂತ ಮತ್ತೆ ಕೇಳುವ ಮನಸ್ಸಾಗಲಿಲ್ಲ. 2009ರಲ್ಲಿ ನಾನು ಹೊರಡುವಾಗ ಈ ನೀಲಿ ಗಾಜನ್ನು ಹಳೇ ಸ್ವೆಟರಿನಲ್ಲಿ ಸುತ್ತಿ ಕೊಟ್ಟಳು.

ಇನ್ನು ನನ್ನ ಬೆಂಗಳೂರಿನ ಪುರಾಣ. ಮೊದಲ ವರ್ಷ ಇಲ್ಲಿಯೇ ಗೆಡ್ಡೆ ಕೊಂಡು, ಡಿಸೆಂಬರ್ ಚಳಿ ಸಾಕಾದೀತು ಅಂತ ನೇರ ಗಾಜಿನ ಮೇಲೆ ಕೂರಿಸಿದೆ. ಬೇರು ಬಂತು, ಎಲೆ ಬಂತು. ಹೂವು ಮಾತ್ರ ಎಲೆಗಳ ಬುಡದಲ್ಲೇ ಕತ್ತು ಸಿಕ್ಕಿಹಾಕಿಕೊಂಡ ಹಾಗೆ ನಾಲ್ಕು ಎಸಳು ಬಿಚ್ಚಿ ಕೊಳೆಯಿತು. ದಂಟೇ ಏಳಲಿಲ್ಲ. ನಮ್ಮ ಊರಿನ ಚಳಿ ಸ್ವೆಟರ್ ಹಾಕಿಸುವಷ್ಟಿದೆಯೇ ಹೊರತು ಹಯಾಸಿಂತ್ ಎಬ್ಬಿಸುವಷ್ಟಿಲ್ಲ.

ಎರಡನೇ ವರ್ಷ ಫ್ರಿಜ್ಜಿನಲ್ಲಿ ಹನ್ನೆರಡು ವಾರ ಇಟ್ಟೆ, ತರಕಾರಿ ಡಬ್ಬಿಯಲ್ಲಿ. ಅಮ್ಮ ಎರಡು ಸಲ ಅದನ್ನು ಈರುಳ್ಳಿ ಅಂತ ಹೆಚ್ಚಲು ತೆಗೆದಿದ್ದಳು, ದೇವರ ದಯೆ, ವಾಸನೆ ನೋಡಿ ವಾಪಸ್ ಇಟ್ಟಳು. ಆ ವರ್ಷ ಎಲೆಗಳ ನಡುವೆ ಕಂದು ಬಣ್ಣದ ಒಣಕಲು ನಾರು ಬಂತು, ಅಷ್ಟೇ. ಕಾರಣ ಹುಡುಕಿದರೆ ಸಿಕ್ಕಿದ್ದು ಅದೇ ಡಬ್ಬಿಯಲ್ಲಿದ್ದ ಸೇಬು. ಹಣ್ಣಾಗುವ ಸೇಬು ಇಥಿಲೀನ್ ಎಂಬ ಅನಿಲ ಬಿಡುತ್ತದೆ. ನಮ್ಮಜ್ಜ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗೆ ಹಾಕುತ್ತಿದ್ದಾಗ ಆ ಹುಲ್ಲಿನೊಳಗೆ ಕೆಲಸ ಮಾಡುತ್ತಿದ್ದದ್ದೂ ಇದೇ ಅನಿಲ. ಮಾವನ್ನು ಹಣ್ಣು ಮಾಡುವುದು ಗೆಡ್ಡೆಯೊಳಗಿನ ಹೂವನ್ನು ಬಸಿರಿನಲ್ಲೇ ಕೊಲ್ಲುತ್ತದೆ.

ಮೂರನೇ ವರ್ಷ ಕಾಗದದ ಚೀಲದಲ್ಲಿ, ಹಣ್ಣಿಲ್ಲದ ಬೇರೆ ಫ್ರಿಜ್ಜಿನಲ್ಲಿ. ಅಕ್ಟೋಬರಿನಲ್ಲಿ ಒಳಗೆ, ಸಂಕ್ರಾಂತಿಯ ಹೊತ್ತಿಗೆ ಹೊರಗೆ. ನೀರು ಗೆಡ್ಡೆಯ ಬುಡಕ್ಕೆ ತಾಗದ ಹಾಗೆ ಒಂದು ಕೂದಲೆಳೆ ಕೆಳಗೆ. ಬೇರು ಬರುವವರೆಗೆ ಕತ್ತಲು. ತಲೆಯ ಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಟೋಪಿ. ಫೆಬ್ರವರಿ ಮೊದಲ ವಾರ ಬೆಳಿಗ್ಗೆ ಕಾಫಿಗೆ ಎದ್ದವನಿಗೆ ಟೋಪಿ ವಾರೆಯಾಗಿ ನಿಂತದ್ದು ಕಂಡಿತು. ವಾಸನೆಗೆ ಅಮ್ಮನೂ ಬಂದು ನಿಂತಳು. "ಇಷ್ಟಕ್ಕಾ ಮೂರು ವರ್ಷ?" ಅಂದಳು. ಆಮೇಲೆ ಒಂದು ವಾರ ದಿನಕ್ಕೆ ಹತ್ತು ಸಲ ಕಿಟಕಿ ಹತ್ತಿರ ಹೋಗುತ್ತಿದ್ದವಳೂ ಅವಳೇ. (ಮಾಡುವವರಿಗೆ ಒಂದು ಮಾತು: ಗೆಡ್ಡೆ ಮುಟ್ಟಿದರೆ ಕೆಲವರಿಗೆ ಕೈ ತುರಿಸುತ್ತದೆ. ಮಕ್ಕಳ, ನಾಯಿ ಬೆಕ್ಕಿನ ಬಾಯಿಗೆ ಸಿಗದ ಹಾಗೆ ಇಡಿ. ಈರುಳ್ಳಿ ಜೊತೆ ಅಂತೂ ಬೇಡವೇ ಬೇಡ.)

ಇಂಗ್ಲಿಷಿನವರು ಈ ಕೆಲಸಕ್ಕೆ ಫೋರ್ಸಿಂಗ್ ಅನ್ನುತ್ತಾರೆ, ಬಲವಂತ. ನನಗೆ ಆ ಪದ ಯಾಕೋ ಸೇರಲಿಲ್ಲ. ಡಚ್ಚರು ಬ್ರೂಯೆನ್ ಅನ್ನುತ್ತಾರೆ. ಕೋಳಿ ಮೊಟ್ಟೆಯ ಮೇಲೆ ಕೂರುವುದಕ್ಕೆ ಅವರು ಹೇಳುವ ಬ್ರೂಡೆನ್ ಎಂಬ ಮಾತಿನ ಒಡಹುಟ್ಟು ಅದು. ಅಂದರೆ ನಮ್ಮ ಕಾವು. ಅಜ್ಜಿ ಆ ಪದ ಹೇಳಿದ ದಿನ ನನಗೆ ನಮ್ಮೂರ ಮನೆಯ ಕತ್ತಲೆ ಮೂಲೆಯಲ್ಲಿ, ಬುಟ್ಟಿಯೊಳಗೆ, ಯಾರನ್ನೂ ಹತ್ತಿರ ಬಿಡದೆ ಕೂತಿರುತ್ತಿದ್ದ ಹೇಂಟೆ ನೆನಪಾಗಿತ್ತು. ಬಲವಂತ ಮಾಡಿದರೆ ಮೊಟ್ಟೆ ಒಡೆಯುತ್ತದೆ, ಮರಿ ಬರುವುದಿಲ್ಲ. ಒಳಗೆ ಇರುವುದು ಇದೆ. ಅದಕ್ಕೆ ಬೇಕಾದದ್ದು ಅದರದೇ ಲೆಕ್ಕದ ದಿನ, ಅದರದೇ ಲೆಕ್ಕದ ಕಾವು. ಈ ಗೆಡ್ಡೆಗೆ ಅದು ಚಳಿಯ ಕಾವು ಆಗಿಬಿಟ್ಟಿದೆ ಅಷ್ಟೇ.

ಈ ವರ್ಷದ ಗೆಡ್ಡೆ ಫ್ರಿಜ್ಜಿನಲ್ಲಿದೆ. ಇನ್ನು ಐದು ವಾರ. ಅಮ್ಮ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: "ಇದು ಈರುಳ್ಳಿ ಅಲ್ಲ".